ಸೂಜಿ ಮಾತ್ರೆಯ ಜೊತೆಗಿರಲಿ, ಮಾತ್ರೆಯ ಜಾಗಕ್ಕೆ ಬಾರದಿರಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಆಯುಷ್ ಇಲಾಖೆಯ ಆಯುಕ್ತರಿಗೆ,

ನಮಸ್ಕಾರಗಳು.

ಎರಡು ಬೇಡಿಕೆಗಳನ್ನು ಮುಂದಿಟ್ಟು ಈ ಪತ್ರ ಬರೆಯುತ್ತಿದ್ದೇನೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅದರ ಜೊತೆಯಲ್ಲೇ ವಿದ್ಯುತ್ ಅಕ್ಯುಪಂಕ್ಚರ್ (ಚುಚ್ಚಿದ ಸೂಜಿಗಳ ಮೂಲಕ ತುಸುವೇ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಟ್ಟರೆ ಹೆಚ್ಚಿನ ಗುಣ ಸಿಗುತ್ತದೆಯೇ ಎಂಬುದನ್ನು ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲೇ ಶಿಸ್ತಿನ ಅಧ್ಯಯನ ನಡೆಸಿ ತಿಳಿಯಬೇಕು. ಆ ಉತ್ತರ ಬರುವವರೆಗೆ ಕಾಯದೆ, ಸೂಜಿ ಚುಚ್ಚುವ ಯಾರೂ ಮನೋವೈದ್ಯರು ಬರೆದ ಮಾತ್ರೆಯನ್ನು ನಿಲ್ಲಿಸುವಂತೆ ರೋಗಿಗೆ ಹೇಳಬಾರದು ಎಂಬ ಲಿಖಿತ ಆದೇಶವನ್ನು ಈಗಲೇ ಹೊರಡಿಸಬೇಕು.

ನಾನು ವೈದ್ಯೆಯಲ್ಲ. ಹಾವೇರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತಳಾದವಳು. 2014ರಲ್ಲಿ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿದಾಗ, ಅವರು ಬರೆದ ಚೀಟಿ ಹಿಡಿದು ಜನ ಬಂದು ನಿಲ್ಲುತ್ತಿದ್ದುದು ನನ್ನ ಕಿಟಕಿಯ ಮುಂದೆ. ವೈದ್ಯರ ಕೊಠಡಿಯಲ್ಲಿ ಕೇಳಲು ಹಿಂಜರಿದ ಪ್ರಶ್ನೆಗಳನ್ನು ಅವರು ಅಲ್ಲಿ ಕೇಳುತ್ತಿದ್ದರು. "ಅಕ್ಕಾ, ಇದು ನಿದ್ದೆಯ ಗುಳಿಗೆಯೇ?" "ಇದನ್ನು ಸಾಯುವ ತನಕ ನುಂಗಬೇಕೇ?" "ಹುಚ್ಚರಿಗೆ ಕೊಡುವುದನ್ನೇ ನನಗೂ ಬರೆದಿದ್ದಾರೆಯೇ?" ಹಿಂದೆ ನಿಂತವರಿಗೆ ಕೇಳಿಸದಂತೆ, ಕಿಟಕಿಯ ಸರಳಿಗೆ ಬಾಯಿ ತಾಗಿಸಿ ಕೇಳುವವರೇ ಹೆಚ್ಚು.

ಎರಡು ವಾರಕ್ಕೆ ಎಣಿಸಿ ಕೊಟ್ಟ ಮಾತ್ರೆ ಮುಗಿಯುವ ಹೊತ್ತಿಗೆ ಎಷ್ಟೋ ಮಂದಿ ಮರಳಿ ಬರುತ್ತಲೇ ಇರಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಫ್ಲೂಕ್ಸೆಟಿನ್, ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಮುಂತಾದ ಮಾತ್ರೆಗಳ ಗುಣವೇ ಹಾಗೆ. ಹೊಟ್ಟೆ ತೊಳೆಸುವುದು, ತಲೆನೋವು, ಮೈ ನಡುಕ, ಚಡಪಡಿಕೆ ಇವೆಲ್ಲ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತವೆ. ಮನಸ್ಸು ಹಗುರಾಗುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲ ಕಾಣಲು ಆರೆಂಟು ವಾರವೂ ಆಗಬಹುದು. ತ್ರಾಸು ಮೊದಲು, ಗುಣ ಆಮೇಲೆ. ಬದುಕಿನ ಮೇಲೆಯೇ ಆಸೆ ಕಳೆದುಕೊಂಡವರಿಗೆ "ಇನ್ನೊಂದು ತಿಂಗಳು ತಾಳಿಕೊಳ್ಳಿ" ಎಂದು ಹೇಳುವುದು ಎಷ್ಟು ಕಷ್ಟವೆಂದು ಆ ಕಿಟಕಿಯ ಹಿಂದೆ ನಿಂತವರಿಗೇ ಗೊತ್ತು.

ತಾಳಿಕೊಂಡವರಿಗೆಲ್ಲ ಗುಣವಾಗುತ್ತದೆಯೇ ಎಂದರೆ ಅದೂ ಇಲ್ಲ. ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಸ್ಟಾರ್-ಡಿ ಎಂಬ ಅಧ್ಯಯನದ ಫಲಿತಾಂಶಗಳು 2006ರಲ್ಲಿ ಹೊರಬಂದವು. ಮೊದಲು ಕೊಟ್ಟ ಮಾತ್ರೆಯಿಂದ ರೋಗಲಕ್ಷಣಗಳು ಬಹುಮಟ್ಟಿಗೆ ಮಾಯವಾದದ್ದು ಮೂರರಲ್ಲಿ ಸುಮಾರು ಒಬ್ಬರಿಗೆ ಮಾತ್ರ. ಉಳಿದವರಿಗೆ ಪ್ರಮಾಣ ಏರಿಸಬೇಕು, ಮಾತ್ರೆ ಬದಲಿಸಬೇಕು, ಇನ್ನೊಂದು ಔಷಧ ಸೇರಿಸಬೇಕು, ಆಪ್ತಸಮಾಲೋಚನೆ ಕೊಡಬೇಕು. ಮಾತ್ರೆಯ ಜೊತೆಗೆ ಇನ್ನೇನು ಕೊಡಬಹುದು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ. ವಿದ್ಯುತ್ ಅಕ್ಯುಪಂಕ್ಚರಿನ ಮಾತು ಬರುವುದೂ ಇಲ್ಲೇ.

ಅದು ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. "ಕರೆಂಟ್ ಕೊಡುತ್ತಾರಂತೆ" ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನ ಬೆಚ್ಚಿಬೀಳುತ್ತಾರೆ. ಮನೋವೈದ್ಯರು ತೀವ್ರ ಖಿನ್ನತೆಗೆ ಕೊಡುವ ವಿದ್ಯುತ್ಕಂಪನ ಚಿಕಿತ್ಸೆಯೇ ಬೇರೆ. ಅದರಲ್ಲಿ ಮಿದುಳಿಗೆ ವಿದ್ಯುತ್ ಹಾಯಿಸಿ, ಒಂದು ನಿಮಿಷದೊಳಗೆ ಮುಗಿದುಹೋಗುವ ಸೆಳವನ್ನು ಬರಿಸುತ್ತಾರೆ. ಅರಿವಳಿಕೆ ಕೊಡದೆ ಅದನ್ನು ಮಾಡಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಪ್ರಾಣಕ್ಕೆ ಅಪಾಯವಿರುವ ರೋಗಿಗೆ ಅದು ಅತ್ಯಂತ ಪರಿಣಾಮಕಾರಿ ಚಿಕಿತ್ಸೆಗಳಲ್ಲಿ ಒಂದು. ವಿದ್ಯುತ್ ಅಕ್ಯುಪಂಕ್ಚರಿನಲ್ಲಿ ಸೆಳವೂ ಇಲ್ಲ, ಅರಿವಳಿಕೆಯೂ ಇಲ್ಲ. ರೋಗಿ ಎಚ್ಚರವಾಗಿ ಮಾತನಾಡುತ್ತ ಮಲಗಿರುತ್ತಾರೆ.

ಪ್ರಕೃತಿ ಚಿಕಿತ್ಸಾ ಕಾಲೇಜೊಂದರ ಆಸ್ಪತ್ರೆಗೆ ನನ್ನ ಸಂಬಂಧಿಯೊಬ್ಬರನ್ನು ಕರೆದುಕೊಂಡು ಹೋದಾಗ ಇದನ್ನು ಹತ್ತಿರದಿಂದ ನೋಡಿದೆ. ಅವರ ಮನೋವೈದ್ಯರೇ "ಮಾತ್ರೆ ಬಿಡದಿದ್ದರೆ ನನ್ನ ಅಭ್ಯಂತರವಿಲ್ಲ" ಎಂದಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಬ್ಯಾಟರಿಯಿಂದ ನಡೆಯುವ ಒಂದು ಪೆಟ್ಟಿಗೆ. ಅದರ ಮೇಲೆ ಸಾಲಾಗಿ ತಿರುಪುಗಳು, ಪ್ರತಿಯೊಂದರಿಂದ ಹೊರಟ ಜೋಡಿ ತಂತಿ, ತಂತಿಯ ತುದಿಗೆ ಪುಟ್ಟ ಕ್ಲಿಪ್ಪು. ಯುವ ವೈದ್ಯೆ ಹೊಸ ಪೊಟ್ಟಣ ಹರಿದು, ಕೂದಲಿಗಿಂತ ತುಸುವೇ ದಪ್ಪಗಿದ್ದ ಸೂಜಿಯನ್ನು ನೆತ್ತಿಯ ಚರ್ಮದ ಕೆಳಗೆ ಓರೆಯಾಗಿ ಇಳಿಸಿದರು. ಇನ್ನೊಂದನ್ನು ಎರಡು ಹುಬ್ಬುಗಳ ನಡುವೆ, ನಾವು ಕುಂಕುಮ ಇಡುವ ಜಾಗದಲ್ಲಿ ಚುಚ್ಚಿದರು. ಚೀನೀಯರು ನೆತ್ತಿಯ ಬಿಂದುವನ್ನು ಬೈಹುಯಿ ಎಂದೂ ಹಣೆಯ ಬಿಂದುವನ್ನು ಯಿನ್‌ಟಾಂಗ್ ಎಂದೂ ಕರೆಯುತ್ತಾರೆ. ಖಿನ್ನತೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವುದು ಈ ಜೋಡಿಯೇ. ಕ್ಲಿಪ್ಪು ಸಿಕ್ಕಿಸಿ, ತಿರುಪನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ, "ಒಳಗೆ ತಟ್ಟಿದ ಹಾಗೆ ಅನಿಸಿದ ಕೂಡಲೇ ಹೇಳಿ, ನೋವಾಗಬಾರದು" ಎಂದರು. ಹೇಳುವ ಮೊದಲೇ ನನಗೆ ಕಾಣಿಸಿತು: ಹಣೆಯ ಚರ್ಮ ಸೆಕೆಂಡಿಗೆ ಎರಡು ಬಾರಿಯಂತೆ ಮಿಡಿಯುತ್ತಿತ್ತು. ಅರ್ಧ ಗಂಟೆ ಹಾಗೆಯೇ ಬಿಟ್ಟು, ಸೂಜಿ ತೆಗೆದು, ಬಿಳಿ ಡಬ್ಬಿಗೆ ಹಾಕಿದರು. ಅಷ್ಟೇ.

ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದ ದಾರಿಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋಗಿದ್ದಾಗ 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡವೊಂದು ಅಲ್ಲಿಗೆ ಹೋಯಿತು. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲಿಯೇ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಿಜಯ್ ಕುಮಾರ್ ಬಸು ಬದುಕಿ ಮರಳಿದರು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಅಂದರೆ ಈ ಸೂಜಿಯನ್ನು ಇಲ್ಲಿಗೆ ತಂದವರು ಆಧುನಿಕ ವೈದ್ಯಶಾಸ್ತ್ರ ಓದಿದ ಒಬ್ಬ ಡಾಕ್ಟರ್. ಅದು ಆಸ್ಪತ್ರೆಯ ಮದ್ದಿಗೆ ಎದುರಾಗಿ ನಿಲ್ಲಬೇಕಾದ ವಿದ್ಯೆಯಲ್ಲ.

ಇನ್ನು ಖಿನ್ನತೆಯ ಮಾತು. ಬೀಜಿಂಗಿನ ಲುವೋ ಹೆಚುನ್ ಮತ್ತು ಸಂಗಡಿಗರು 1980ರ ದಶಕದಲ್ಲೇ ವಿದ್ಯುತ್ ಅಕ್ಯುಪಂಕ್ಚರನ್ನು ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆಯ ಜೊತೆ ಹೋಲಿಸಿ ನೋಡಿದ್ದರು. ಅದೇ ನಗರದ ಹಾನ್ ಜಿಶೆಂಗ್, ಸೂಜಿಯ ಮೂಲಕ ಹಾಯಿಸುವ ವಿದ್ಯುತ್ತಿನ ಮಿಡಿತಕ್ಕೆ ತಕ್ಕಂತೆ ನರಮಂಡಲದಲ್ಲಿ ಬೇರೆ ಬೇರೆ ರಾಸಾಯನಿಕಗಳು ಬಿಡುಗಡೆಯಾಗುತ್ತವೆ ಎಂದು ತೋರಿಸಿದರು: ಸೆಕೆಂಡಿಗೆ 2ರ ನಿಧಾನ ಮಿಡಿತಕ್ಕೆ ಎನ್‌ಕೆಫಾಲಿನ್ ಮತ್ತು ಎಂಡಾರ್ಫಿನ್, 100ರ ವೇಗದ ಮಿಡಿತಕ್ಕೆ ಡೈನಾರ್ಫಿನ್. ಅವರ ಈ ಕೆಲಸ ನೋವಿಗೆ ಸಂಬಂಧಿಸಿದ್ದು. ಅದನ್ನೇ ಹಿಡಿದು "ಖಿನ್ನತೆಗೂ ಇದೇ ಕಾರಣ" ಎಂದು ಪ್ರಚಾರಪತ್ರ ಹಂಚುವುದು ಸರಿಯಲ್ಲ. ಮೈಯಲ್ಲಿ ಏನೋ ಅಳೆಯಬಹುದಾದದ್ದು ನಡೆಯುತ್ತದೆ ಎನ್ನುವಷ್ಟಕ್ಕೆ ಅದು ಸಾಕ್ಷಿ.

ಮಾತ್ರೆಯ ಜೊತೆಗೆ ಸೂಜಿ ಎಂಬ ಪ್ರಶ್ನೆಯನ್ನೇ ನೇರವಾಗಿ ಕೇಳಿದ ಅಧ್ಯಯನಗಳೂ ಇವೆ. 2013ರಲ್ಲಿ ಪ್ರಕಟವಾದ ಚೀನಾದ ಒಂದು ಅಧ್ಯಯನದಲ್ಲಿ 160 ರೋಗಿಗಳಿದ್ದರು. ಎಲ್ಲರಿಗೂ ಪ್ಯಾರಾಕ್ಸೆಟಿನ್ ಮಾತ್ರೆ. ಒಂದು ಗುಂಪಿಗೆ ಮಾತ್ರೆ ಮಾತ್ರ, ಇನ್ನೊಂದಕ್ಕೆ ಕೈಯಿಂದ ತಿರುಗಿಸುವ ಸೂಜಿಯೂ ಸೇರಿ, ಮೂರನೆಯದಕ್ಕೆ ವಿದ್ಯುತ್ ಹಾಯಿಸಿದ ಸೂಜಿಯೂ ಸೇರಿ. ಆರು ವಾರದಲ್ಲಿ 18 ಬಾರಿ ಚಿಕಿತ್ಸೆ. ಕೊನೆಗೆ ಗಣನೀಯವಾಗಿ ಚೇತರಿಸಿಕೊಂಡವರು ಮಾತ್ರೆಯೊಂದನ್ನೇ ಪಡೆದವರಲ್ಲಿ ನೂರಕ್ಕೆ ಸುಮಾರು 42, ಸೂಜಿಯೂ ಸೇರಿದ ಎರಡು ಗುಂಪುಗಳಲ್ಲಿ ನೂರಕ್ಕೆ ಸುಮಾರು 70. ಚಿಕಿತ್ಸೆ ನಿಲ್ಲಿಸಿ ನಾಲ್ಕು ವಾರವಾದ ಮೇಲೂ ಸುಧಾರಣೆ ಮೇಲುಗೈಯಾಗಿ ಉಳಿದದ್ದು ವಿದ್ಯುತ್ ಸೂಜಿಯ ಗುಂಪಿನಲ್ಲಿ. ರೋಗ ಉಲ್ಬಣಿಸಿ ಮಾತ್ರೆಯ ಪ್ರಮಾಣ ಏರಿಸಬೇಕಾಗಿ ಬಂದದ್ದು ಮಾತ್ರೆಯೊಂದನ್ನೇ ಪಡೆದವರಲ್ಲಿ ಹೆಚ್ಚು. 2019ರಲ್ಲಿ 477 ರೋಗಿಗಳ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನವೂ ಆರು ವಾರಗಳಲ್ಲಿ ಸೂಜಿ ಸೇರಿಸಿದ ಕಡೆಗೇ ವಾಲಿತು.

ಓದಿದೊಡನೆ ಯಾರಿಗಾದರೂ ಆಸೆ ಹುಟ್ಟುವ ಅಂಕಿಗಳು ಇವು. ಆದರೆ ಸೂಜಿ ಪಡೆಯುತ್ತಿದ್ದವರಿಗೆ ತಾವು ಪಡೆಯುತ್ತಿದ್ದೇವೆಂದು ಗೊತ್ತಿತ್ತು, ಪಡೆಯದವರಿಗೆ ಇಲ್ಲವೆಂದು ಗೊತ್ತಿತ್ತು. ಹೊಸ ಮಾತ್ರೆಯನ್ನು ಪರೀಕ್ಷಿಸುವಾಗ ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆಯನ್ನೂ ಕೊಡುವುದು ನಮ್ಮ ವೃತ್ತಿಯಲ್ಲಿ ಎಳೆಯ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಆರು ವಾರ, ವಾರಕ್ಕೆ ಮೂರು ದಿನ, ಒಬ್ಬರು ಬಾಗಿಲಲ್ಲಿ ಎದುರುಗೊಂಡು, "ನಿನ್ನೆ ರಾತ್ರಿ ನಿದ್ದೆ ಬಂತೇ?" ಎಂದು ಕೇಳಿ, ಅರ್ಧ ಗಂಟೆ ಆರೈಕೆ ಮಾಡಿದರೆ, ಅದರಿಂದಲೇ ಎಷ್ಟೋ ಗುಣ ಸಿಕ್ಕೀತು. ಆ ಪಾಲನ್ನು ಕಳೆದ ಮೇಲೆ ಸೂಜಿಗೆ ಉಳಿಯುವುದೆಷ್ಟು?

ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯವರು 2018ರಲ್ಲಿ 64 ಅಧ್ಯಯನಗಳನ್ನು, ಒಟ್ಟು 7,104 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಏನೂ ಚಿಕಿತ್ಸೆ ಇಲ್ಲದಿರುವುದಕ್ಕೆ ಅಥವಾ ಮಾಮೂಲಿ ಚಿಕಿತ್ಸೆಗೆ ಹೋಲಿಸಿದರೆ ಅಕ್ಯುಪಂಕ್ಚರಿನಿಂದ ಮಧ್ಯಮ ಪ್ರಮಾಣದ ಉಪಯೋಗ ಕಾಣುತ್ತದೆ. ಹುಸಿ ಸೂಜಿಗೆ, ಅಂದರೆ ನಿಜವಾದ ಚಿಕಿತ್ಸೆಯಂತೆಯೇ ತೋರುವ ನೆಪದ ಸೂಜಿಗೆ, ಹೋಲಿಸಿದರೆ ಆ ಉಪಯೋಗ ಸಣ್ಣದಾಗುತ್ತದೆ. ಒಟ್ಟು ಪುರಾವೆಯ ಗುಣಮಟ್ಟ ಕಡಿಮೆ, ಹಲವೆಡೆ ತೀರ ಕಡಿಮೆ ಎಂಬುದು ಅವರ ತೀರ್ಮಾನ. ಪಿಟ್ಸ್‌ಬರ್ಗಿನಲ್ಲಿ ನಡೆದ ವಿದ್ಯುತ್ ಅಕ್ಯುಪಂಕ್ಚರಿನ ಒಂದು ಅಧ್ಯಯನದಲ್ಲಂತೂ ನಿಜವಾದ ಬಿಂದುಗಳಿಗೆ ಚುಚ್ಚಿಸಿಕೊಂಡವರೂ ಬೇರೆ ಜಾಗಕ್ಕೆ ಚುಚ್ಚಿಸಿಕೊಂಡವರೂ ಒಂದೇ ಸಮನಾಗಿ ಸುಧಾರಿಸಿದರು. ಇಂಗ್ಲೆಂಡಿನಲ್ಲಿ 755 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅವರಲ್ಲಿ ಬಹುಪಾಲು ಜನ ಮಾತ್ರೆಯಲ್ಲಿಯೇ ಇದ್ದವರು. ಅಕ್ಯುಪಂಕ್ಚರ್ ಪಡೆದವರು ಮೂರು ತಿಂಗಳಲ್ಲಿ ಮಾಮೂಲಿ ಚಿಕಿತ್ಸೆಯವರಿಗಿಂತ ಮೇಲಾಗಿದ್ದರು. ಆಪ್ತಸಮಾಲೋಚನೆ ಪಡೆದವರೂ ಮೇಲಾಗಿದ್ದರು. ಸೂಜಿಗೂ ಮಾತಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಲ್ಲವೂ ಆರೈಕೆಯ ಫಲವೇ ಎಂದು ಕೈ ತೊಳೆದುಕೊಳ್ಳಲು ಹೊರಟರೆ 2022ರ ಶಾಂಘೈ ಅಧ್ಯಯನ ಅಡ್ಡ ನಿಲ್ಲುತ್ತದೆ. ಖಿನ್ನತೆಯ ಜೊತೆಗೆ ನಿದ್ದೆಯೂ ಕೆಟ್ಟಿದ್ದ 270 ರೋಗಿಗಳು, ಮೂರು ಆಸ್ಪತ್ರೆಗಳು, ಎಂಟು ವಾರದಲ್ಲಿ 24 ಬಾರಿ ಚಿಕಿತ್ಸೆ. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಮುಂದುವರಿದಿತ್ತು. ಒಂದು ಗುಂಪಿಗೆ ವಿದ್ಯುತ್ ಅಕ್ಯುಪಂಕ್ಚರ್, ಇನ್ನೊಂದಕ್ಕೆ ಹುಸಿ ಸೂಜಿ, ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಬಂದುಹೋಗುವುದು, ಮಲಗುವುದು, ವಿಚಾರಿಸಿಕೊಳ್ಳುವುದು ಮೊದಲ ಎರಡು ಗುಂಪಿಗೂ ಸಮಾನ. ಹಾಗಿದ್ದೂ ನಿಜವಾದ ಸೂಜಿ ಪಡೆದವರ ನಿದ್ದೆ ಸ್ಪಷ್ಟವಾಗಿ ಉತ್ತಮವಾಯಿತು, ಚಿಕಿತ್ಸೆ ಮುಗಿದು ತಿಂಗಳುಗಳ ನಂತರವೂ ಆ ಲಾಭ ಉಳಿದಿತ್ತು. ಖಿನ್ನತೆಯವರ ಮನೆಯಲ್ಲಿ ಇದ್ದವರಿಗೆ ನಿದ್ದೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ಎರಡಕ್ಕೆ ಎದ್ದು ಅಂಗಳದಲ್ಲಿ ಕೂರುವ ಮನುಷ್ಯ ಬೆಳಗಿನವರೆಗೆ ಮಲಗಿದರೆ ಇಡೀ ಮನೆಯೇ ಮಲಗುತ್ತದೆ.

ಇಷ್ಟನ್ನು ಓದಿ ನಾನು ತಲುಪಿದ ನಿಲುವು ಇದು. ಮಾತ್ರೆಗೆ ಜೊತೆಯಾಗಿ ವಿದ್ಯುತ್ ಅಕ್ಯುಪಂಕ್ಚರನ್ನು ತಳ್ಳಿಹಾಕುವಂತಿಲ್ಲ, ಇಲ್ಲಿನ ಜನರ ಮೇಲೆ ಪರೀಕ್ಷಿಸದೆ ಒಪ್ಪಿಕೊಳ್ಳುವಂತೆಯೂ ಇಲ್ಲ. ಅದರಿಂದ ನಮ್ಮಲ್ಲಿ ಆಗಬಹುದಾದ ದೊಡ್ಡ ಉಪಕಾರವನ್ನು ಈವರೆಗೆ ಯಾರೂ ಗಮನಿಸಿದಂತೆ ಕಾಣುವುದಿಲ್ಲ. ಜನ ಮಾತ್ರೆ ಬಿಟ್ಟುಹೋಗುವುದು ಮೊದಲ ಆರು ವಾರಗಳಲ್ಲಿ. ಈ ಚಿಕಿತ್ಸೆ ರೋಗಿಯನ್ನು ಆಸ್ಪತ್ರೆಗೆ ಕರೆತರುವುದೂ ಅದೇ ಆರು ವಾರ. ಸೂಜಿಗಾಗಿ ಬಂದವರನ್ನು ಮಾತ್ರೆಯ ಬಗ್ಗೆ ಕೇಳಬಹುದು, ಹೊಟ್ಟೆ ತೊಳೆಸಿದರೆ ಊಟದ ಮೇಲೆ ನುಂಗಿ ಎನ್ನಬಹುದು, ಸಾಯುವ ಯೋಚನೆ ಬರುತ್ತಿದೆಯೇ ಎಂದು ವಿಚಾರಿಸಬಹುದು. ಸೂಜಿ ಏನನ್ನೂ ಮಾಡದಿದ್ದರೂ ಈ ಭೇಟಿ ಒಂದು ಜೀವವನ್ನು ಹಿಡಿದು ನಿಲ್ಲಿಸೀತು.

ಆದರೆ ಇವತ್ತು ಹೊರಗೆ ನಡೆಯುತ್ತಿರುವುದು ಇದಕ್ಕೆ ತೀರ ತಿರುಗುಮುರುಗು. ಅದಕ್ಕಾಗಿಯೇ ಎರಡನೆಯ ಬೇಡಿಕೆಯನ್ನು ನಾನು ಮೊದಲನೆಯದಕ್ಕಿಂತ ತುರ್ತಿನದೆಂದು ಎಣಿಸುತ್ತೇನೆ.

ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನ ಕಿಟಕಿಗೆ ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆರಂಭವಾದ ಖಿನ್ನತೆ. ಎಸ್ಸಿಟಲೋಪ್ರಾಮ್ ನುಂಗುತ್ತ ನುಂಗುತ್ತ ಮೆಲ್ಲಗೆ ಮೇಲೆದ್ದಿದ್ದಳು. ತಲೆ ಬಾಚಿಕೊಂಡು, ಹೂ ಬೇಡವೆಂದರೂ ಒಗೆದ ಸೀರೆ ಉಟ್ಟು ಬರುವ ಹಂತಕ್ಕೆ ಬಂದಿದ್ದಳು. ಒಂದು ತಿಂಗಳು ಬರಲಿಲ್ಲ, ಎರಡು ತಿಂಗಳು ಬರಲಿಲ್ಲ. ಆಮೇಲೆ ಅವಳ ಅಣ್ಣ ತೋಳು ಹಿಡಿದು ಕರೆತಂದ. ಪಟ್ಟಣದ ಅಕ್ಯುಪಂಕ್ಚರ್ ಕ್ಲಿನಿಕ್ಕೊಂದರಲ್ಲಿ "ಇಂಗ್ಲಿಷ್ ಗುಳಿಗೆ ಮೈಯಲ್ಲಿ ವಿಷ ತುಂಬುತ್ತದೆ, ಇವತ್ತೇ ಬಿಡು, ಇಲ್ಲದಿದ್ದರೆ ನನ್ನ ಸೂಜಿ ಹತ್ತುವುದಿಲ್ಲ" ಎಂದು ಹೇಳಿದ್ದರಂತೆ. ಅವಳು ಅದೇ ದಿನ ಬಿಟ್ಟಿದ್ದಳು. ಮೂರನೆಯ ದಿನದಿಂದ ತಲೆ ತಿರುಗು, ಕಣ್ಣು ಹೊರಳಿಸಿದರೆ ತಲೆಯೊಳಗೆ ಮಿಂಚು ಹೊಡೆದ ಹಾಗೆ, ಕೈಕಾಲು ಜುಮ್ಮೆನ್ನುವುದು. ಇಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆಂದು ಯಾವ ಫಾರ್ಮಸಿ ಪುಸ್ತಕ ತೆರೆದರೂ ಸಿಗುತ್ತದೆ. ಕ್ಲಿನಿಕ್ಕಿನವರು ಅದನ್ನು "ವಿಷ ಇಳಿಯುತ್ತಿದೆ" ಎಂದು ತಿಳಿಸಿಹೇಳಿದ್ದರು. ಮಿಂಚು ನಿಂತಿತು, ಖಿನ್ನತೆ ಮರಳಿ ಬಂತು. ಕೆಲಸ ಹೋಯಿತು. ಅಣ್ಣ ಅವಳನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯುವಷ್ಟರಲ್ಲಿ ಅವಳು ಅನ್ನ ಮುಟ್ಟದೆ ದಿನಗಳಾಗಿದ್ದವು.

ಅವಳು ಬದುಕಿದಳು. ನನ್ನ ಸಿಟ್ಟು ಇರುವುದು ಸೂಜಿಯ ಮೇಲಲ್ಲ, ಆ ಒಂದು ವಾಕ್ಯದ ಮೇಲೆ. ಮಾತ್ರೆಯನ್ನು ಇರಗೊಟ್ಟು ಸೂಜಿ ಚುಚ್ಚಿದ್ದರೆ ಅವಳಿಗೆ ಯಾವ ಕೇಡೂ ಆಗುತ್ತಿರಲಿಲ್ಲ. ಬಹುಶಃ ಒಳ್ಳೆಯದೇ ಆಗುತ್ತಿತ್ತು.

ಕಾನೂನಿನ ಕಡೆಯಿಂದ ನೋಡಿದರೂ ಇಲ್ಲೊಂದು ಕಂದಕ ಕಾಣುತ್ತದೆ. 2003ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. 2019ರ ಫೆಬ್ರವರಿಯಲ್ಲಿ ಅದನ್ನು ಸ್ವತಂತ್ರ ಆರೋಗ್ಯ ಪದ್ಧತಿಯೆಂದು ಮಾನ್ಯ ಮಾಡಿತು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾಯ್ದೆ ತಂದಿದೆ. ನಮ್ಮಲ್ಲಿ ಐದೂವರೆ ವರ್ಷ ಓದಿ, ಮಾನವ ದೇಹದ ರಚನೆಯನ್ನೂ ರೋಗಶಾಸ್ತ್ರವನ್ನೂ ಕಲಿತು ಹೊರಬರುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವೀಧರರಿದ್ದಾರೆ. ಅವರ ಪಠ್ಯದಲ್ಲಿ ಅಕ್ಯುಪಂಕ್ಚರ್ ಇದೆ. ನಾನು ನೋಡಿದ ಯುವ ವೈದ್ಯೆ ಅಂಥವರಲ್ಲಿ ಒಬ್ಬರು. ಕೆಲವು ವಾರಾಂತ್ಯಗಳ ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿಕೊಂಡವರೂ ಅದೇ ಬೀದಿಯಲ್ಲಿ ಕೂತಿದ್ದಾರೆ. ಬಾಗಿಲಲ್ಲಿ ನಿಂತ ರೋಗಿಗೆ ಇಬ್ಬರೂ ಒಂದೇ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯ ಅಧಿಕಾರ ಜಿಲ್ಲೆಗಳಲ್ಲೇ ಇದೆ. ಖಿನ್ನತೆಗೆ ಚಿಕಿತ್ಸೆ ಕೊಡುತ್ತೇವೆಂದು ಫಲಕ ಹಾಕುವವರ ಅರ್ಹತೆಯನ್ನು ನೋಡಲು ಹೊಸ ಕಾನೂನಿಗಾಗಿ ಮೀನಮೇಷ ಎಣಿಸಬೇಕಾಗಿಲ್ಲ.

ನಾನು ಕೇಳುವ ಆದೇಶ ಒಂದು ಪುಟಕ್ಕಿಂತ ಹೆಚ್ಚಿರಬೇಕಾಗಿಲ್ಲ. ಖಿನ್ನತೆಯ ರೋಗಿ ಬಂದಾಗ ಯಾವ ಮಾತ್ರೆ ನಡೆದಿದೆ ಎಂದು ಚೀಟಿ ನೋಡಿ ಬರೆದುಕೊಳ್ಳಬೇಕು. ಮಾತ್ರೆಯನ್ನು ನಿಲ್ಲಿಸುವ, ಇಳಿಸುವ ತೀರ್ಮಾನ ಅದನ್ನು ಬರೆದ ವೈದ್ಯರದ್ದೇ. ಸಾಯುವ ಮಾತಾಡುವ ರೋಗಿಯನ್ನು ಅದೇ ದಿನ ಆಸ್ಪತ್ರೆಗೆ ಕಳಿಸಬೇಕು, ಹೋಗಲಾಗದಿದ್ದರೆ ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಬೇಕು. ಒಮ್ಮೆ ಬಳಸಿದ ಸೂಜಿಯನ್ನು ಮತ್ತೆ ಬಳಸಕೂಡದು, ಅದು ತೂತಾಗದ ಬಿಳಿ ಡಬ್ಬಿಗೇ ಹೋಗಬೇಕು. ಹೃದಯಕ್ಕೆ ಪೇಸ್‌ಮೇಕರ್ ಕೂರಿಸಿಕೊಂಡವರಿಗೆ ವಿದ್ಯುತ್ ಹಚ್ಚಬಾರದು. ಮೂರ್ಛೆರೋಗದವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧದಲ್ಲಿರುವವರು ಬಂದರೆ ಅವರ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಫ್ಲೂಕ್ಸೆಟಿನ್ ಗುಂಪಿನ ಮಾತ್ರೆಗಳೇ ರಕ್ತಸ್ರಾವದ ಸಂಭವವನ್ನು ತುಸು ಹೆಚ್ಚಿಸುತ್ತವೆ, ಆಸ್ಪಿರಿನ್ ಜೊತೆ ಸೇರಿದರೆ ಇನ್ನೂ ಹೆಚ್ಚು. ಸೂಜಿ ಹಿಡಿಯುವವರಿಗೆ ಇದು ಗೊತ್ತಿರಬೇಕು.

ಇನ್ನು ಅಧ್ಯಯನದ ಮಾತು. ಇದನ್ನು ಕರ್ನಾಟಕವೇ ಏಕೆ ಮಾಡಬೇಕು ಎಂದು ಕೇಳಬಹುದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ರೋಗಕ್ಕೆ ಚಿಕಿತ್ಸೆ ಕೊಡಬಹುದೇ ಎಂಬ ಪ್ರಶ್ನೆಗೆ ದೇಶಕ್ಕೆ ಉತ್ತರ ಸಿಕ್ಕಿದ್ದು 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮೇಲೆ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇಂದು ನಿಮ್ಹಾನ್ಸ್‌ನಲ್ಲಿ ಸಮಗ್ರ ವೈದ್ಯ ಪದ್ಧತಿಗಳಿಗೆಂದೇ ಒಂದು ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜಿದೆ, ತಾಲ್ಲೂಕುಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ. ಬೇಕಾದವರೆಲ್ಲ ಇದ್ದಾರೆ, ಒಂದೇ ಮೇಜಿನ ಸುತ್ತ ಕೂತಿಲ್ಲ.

ಕೂತರೆ, ದಯವಿಟ್ಟು ಎರಡು ಗುಂಪಿನ ಅಧ್ಯಯನಕ್ಕೆ ತೃಪ್ತರಾಗಬೇಡಿ. ಮಾತ್ರೆ ಮತ್ತು ನಿಜವಾದ ಸೂಜಿ ಒಂದು, ಮಾತ್ರೆ ಮತ್ತು ಹುಸಿ ಸೂಜಿ ಇನ್ನೊಂದು, ಇವುಗಳ ಜೊತೆಗೆ ಮೂರನೆಯದೊಂದು ಇರಲಿ: ಮಾತ್ರೆ, ಮತ್ತು ಅಷ್ಟೇ ಸಲ ಅಷ್ಟೇ ಹೊತ್ತು ತರಬೇತಾದ ನರ್ಸ್ ಅಥವಾ ಆಪ್ತಸಮಾಲೋಚಕರ ಭೇಟಿ. ಈ ಮೂರನೆಯ ಗುಂಪು ಸೂಜಿಯವರಷ್ಟೇ ಸುಧಾರಿಸಿದರೆ, ರಾಜ್ಯದ ಹಣ ಸೂಜಿ ಯಂತ್ರಗಳಿಗೆ ಹೋಗಬೇಕಾಗಿಲ್ಲ, ನರ್ಸುಗಳ ನೇಮಕಕ್ಕೆ ಹೋಗಲಿ. ಸೂಜಿಯವರು ಮುಂದಾದರೆ, ತಾಲ್ಲೂಕಿಗೊಂದು ಯಂತ್ರ ಕೊಡುವ ಧೈರ್ಯ ಸರ್ಕಾರಕ್ಕೆ ಬರುತ್ತದೆ. ಆರಂಭಕ್ಕೆ ಮೊದಲೇ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅಧ್ಯಯನವನ್ನು ದಾಖಲಿಸಿ, ಏನನ್ನು ಅಳೆಯುತ್ತೇವೆಂದು ಬರೆದಿಡಬೇಕು. ಆರು ವಾರಕ್ಕೆ ನಿಲ್ಲಿಸದೆ ಆರು ತಿಂಗಳವರೆಗೆ ರೋಗಿಗಳನ್ನು ಕಾಣಬೇಕು. ಖಿನ್ನತೆಯ ಅಂಕಗಳ ಜೊತೆಗೆ ನಿದ್ದೆಯನ್ನು ಅಳೆಯಿರಿ, ಕೆಲಸಕ್ಕೆ ಮರಳಿದರೇ ಎಂದು ನೋಡಿ. ಮಾತ್ರೆಯನ್ನು ಎಷ್ಟು ಮಂದಿ ಕೊನೆಯವರೆಗೆ ಒಯ್ದರು ಎಂಬುದನ್ನು ಔಷಧ ವಿತರಣೆಯ ಪುಸ್ತಕದಿಂದಲೇ ಎಣಿಸಬಹುದು. ಅದಕ್ಕೆ ಪೈಸೆ ಖರ್ಚಿಲ್ಲ, ಆದರೂ ಈ ಎಣಿಕೆಗೆ ಯಾರೂ ಕೈ ಹಾಕುವುದಿಲ್ಲ.

ಬರುವವರ ಕಷ್ಟವನ್ನೂ ಮರೆಯಬಾರದು. ವಾರಕ್ಕೆ ಮೂರು ಸಲವೆಂದರೆ ಆರು ವಾರಕ್ಕೆ 18 ಸಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ಉಳಿಯುತ್ತದೆ, ನಿಜ. ಆದರೆ 18 ದಿನದ ಕೂಲಿ? ಗಂಡಸರಿಗೆ ಟಿಕೆಟ್ಟೂ ಮೇಲೆ. ಈ ನಷ್ಟ ತುಂಬಿಕೊಡದಿದ್ದರೆ ಅಧ್ಯಯನದಲ್ಲಿ ಉಳಿಯುವವರು ಅನುಕೂಲಸ್ಥರು ಮಾತ್ರ, ಆಗ ಬಂದ ಫಲಿತಾಂಶ ನಮ್ಮ ಕಿಟಕಿಯ ಮುಂದೆ ನಿಲ್ಲುವವರದ್ದಾಗುವುದಿಲ್ಲ.

ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು, ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮೊದಲ ಮಾತ್ರೆಯೇ ತಲುಪದ ಕಡೆ ಮಾತ್ರೆಯ ಜೊತೆಗೆ ಇನ್ನೊಂದನ್ನು ಕೇಳುವುದು ಸರಿಯೇ? ಸರಿ, ಆದರೆ ಒಂದು ಷರತ್ತಿನ ಮೇಲೆ. ಈ ಅಧ್ಯಯನದ ಹಣ ಮಾತ್ರೆಯ ಇಂಡೆಂಟಿನಿಂದ, ಅಂದರೆ ಮಾತ್ರೆ ತರಿಸಲು ಇಟ್ಟ ಹಣದಿಂದ, ಕಡಿತವಾಗಿ ಬರಬಾರದು. "ಫ್ಲೂಕ್ಸೆಟಿನ್ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದು ಹೇಳಿ ಕಳಿಸಿದ ದಿನಗಳನ್ನು ನಾನು ಕಂಡಿದ್ದೇನೆ. ಖಿನ್ನತೆಯವರಿಗೆ ಮುಂದಿನ ವಾರ ಎಂದರೆ ಏನೆಂದು ಆ ಮಾತು ಹೇಳುವಾಗಲೇ ನನಗೆ ತಿಳಿದಿರುತ್ತಿತ್ತು.

ಮನೋವೈದ್ಯರಲ್ಲಿಯೂ ಒಂದು ಕೋರಿಕೆ. ರೋಗಿ "ಸೂಜಿ ಹಾಕಿಸಿಕೊಳ್ಳಲೇ?" ಎಂದಾಗ ನಕ್ಕು ಗದರಿಸಿದರೆ ಅವರು ಹೋಗುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾರೆ. "ಹೋಗಿ, ಮಾತ್ರೆ ಮಾತ್ರ ಬಿಡಬೇಡಿ, ಅಲ್ಲಿ ಏನು ಹೇಳಿದರೆಂದು ನನಗೆ ತಿಳಿಸಿ" ಎಂದರೆ ನಿಮ್ಮ ಕೈಯಲ್ಲೇ ಉಳಿಯುತ್ತಾರೆ. ಅಕ್ಯುಪಂಕ್ಚರ್ ವೈದ್ಯರೇ, ನಿಮ್ಮ ವಿದ್ಯೆಯ ಮಾನ ಉಳಿಯಬೇಕೆಂದಿದ್ದರೆ ಮಾತ್ರೆ ಬಿಡಿಸುವವರ ವಿರುದ್ಧ ಮೊದಲು ದನಿ ಎತ್ತಬೇಕಾದವರು ನೀವೇ. ಚೀನಾದ ಯಾವ ಅಂಕಿ ತೋರಿಸಿ ನೀವು ಹೆಮ್ಮೆಪಡುತ್ತೀರೋ, ಆ ನೂರಕ್ಕೆ 70 ಮಂದಿಯೂ ಪ್ರತಿದಿನ ಪ್ಯಾರಾಕ್ಸೆಟಿನ್ ನುಂಗಿದವರು.

ಸಚಿವರೇ, ಅಧ್ಯಯನಕ್ಕೆ ಹಣ, ಸಮಿತಿ, ಒಪ್ಪಿಗೆ ಎಲ್ಲವೂ ಬೇಕು. ಒಂದೆರಡು ವರ್ಷ ಹಿಡಿಯುತ್ತದೆ ಎಂಬುದು ಸರ್ಕಾರಿ ಕೆಲಸ ಮಾಡಿದ ನನಗೆ ಗೊತ್ತಿದೆ. ಆದೇಶಕ್ಕೆ ಇವು ಯಾವುವೂ ಬೇಡ. ಅದನ್ನು ಈ ತಿಂಗಳೇ ಹೊರಡಿಸಿ, ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ, ಸೂಜಿ ಚಿಕಿತ್ಸೆ ಕೊಡುವ ಪ್ರತಿ ಕ್ಲಿನಿಕ್ಕಿನ ಬಾಗಿಲಿಗೂ ತಾಲ್ಲೂಕು ಆಸ್ಪತ್ರೆಯ ಔಷಧ ವಿತರಣಾ ಕಿಟಕಿಯ ಪಕ್ಕಕ್ಕೂ ಅಂಟಿಸಲು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ತಿಳಿಸಿ. ಅಧ್ಯಯನ ಆರಂಭವಾದಾಗ ಮಾತ್ರೆಯ ಲೆಕ್ಕ ಇಡುವ ಕೆಲಸಕ್ಕೆ ಕೈ ಬೇಕಾದರೆ ನನ್ನಂತೆ ನಿವೃತ್ತರಾದ ಫಾರ್ಮಸಿಸ್ಟರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಸಂಬಳ ಕೇಳದೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಾರ್ಮಸಿಸ್ಟ್
ಹಾವೇರಿ ಜಿಲ್ಲೆ